ಪ್ರಿಂಟ್ ಆಗದ ಸಾಲುಗಳು

ನಮ್ಮ ಯಜಮಾನರು ಹರಿಹರದ ಬಸ್ ನಿಲ್ದಾಣದ ಹಿಂದೆ ಟೈಪಿಂಗ್ ಅಂಗಡಿ ಇಟ್ಟಿದ್ದರು. ಮೊದಲು ಎರಡು ಟೈಪ್‌ರೈಟರ್, ಆಮೇಲೆ ಒಂದು ಕಂಪ್ಯೂಟರ್. ಕೋರ್ಟಿನ ಅರ್ಜಿ, ಕಾರ್ಖಾನೆಯ ಪತ್ರ, ಕಾಲೇಜು ಮೇಷ್ಟ್ರುಗಳ ಪ್ರಬಂಧ, ಯಾವುದು ಬಂದರೂ ಆಗಲ್ಲ ಅನ್ನುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ನಲವತ್ತೊಂದು ವರ್ಷಕ್ಕೆ, ಒಂದು ಭಾನುವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದವರು ಹಾಗೇ ಕುಸಿದರು. ಆಸ್ಪತ್ರೆಗೆ ಕರೆದೊಯ್ಯುವಷ್ಟು ಹೊತ್ತನ್ನೂ ಕೊಡಲಿಲ್ಲ.

ನನಗೆ ಅಳು ಬರಲಿಲ್ಲ. ಬಂದವರೆಲ್ಲ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಸಲ ಅತ್ತುಬಿಟ್ಟರೆ ಹಗುರಾಗುತ್ತದೆ ಎಂದು ನನ್ನ ಅಕ್ಕ ದಿನಕ್ಕೆ ನಾಲ್ಕು ಬಾರಿ ಹೇಳುತ್ತಿದ್ದಳು. ಭಾರ ಅನ್ನಿಸಿದ್ದರೆ ತಾನೇ ಹಗುರಾಗುವ ಮಾತು? ಕೈಕಾಲು ಕೆಲಸ ಮಾಡುತ್ತಿದ್ದವು, ಹಸಿವಾದರೆ ಉಣ್ಣುತ್ತಿದ್ದೆ, ಸಾರಿಗೆ ಉಪ್ಪು ಕಮ್ಮಿಯಾದದ್ದೂ ಗೊತ್ತಾಗುತ್ತಿತ್ತು. ಅದರಾಚೆ ನನಗೆ ಏನೂ ಆಗುತ್ತಿರಲಿಲ್ಲ.

ಶಿವಗಣಾರಾಧನೆ ಮುಗಿದು ಎಂಟು ದಿನಕ್ಕೆ ದಾವಣಗೆರೆಯಿಂದ ಕಾಲೇಜಿನ ಮೇಷ್ಟ್ರೊಬ್ಬರು ಬಂದರು. ಹತ್ತಿ ಮಾರುಕಟ್ಟೆಯ ಬಗ್ಗೆ ಇಂಗ್ಲಿಷಿನಲ್ಲಿ ಪಿಎಚ್‌ಡಿ ಪ್ರಬಂಧ ಬರೆದಿದ್ದರು. ಏಳು ವರ್ಷದ ಕೆಲಸ. ಮಾರ್ಗದರ್ಶಕರು ಹೇಳಿದ ತಿದ್ದುಪಡಿಗಳನ್ನೆಲ್ಲ ಯಜಮಾನರು ಕಂಪ್ಯೂಟರಿನಲ್ಲಿ ಸೇರಿಸಿ ಮುಗಿಸಿದ್ದರು, ಪ್ರಿಂಟ್ ತೆಗೆಯುವುದೊಂದೇ ಬಾಕಿ. ವಿಶ್ವವಿದ್ಯಾಲಯಕ್ಕೆ ಒಪ್ಪಿಸಲು ಶನಿವಾರ ಕಡೆಯ ದಿನ, ತಪ್ಪಿದರೆ ನೋಂದಣಿಯೇ ರದ್ದು. ಇಷ್ಟು ಹೇಳುವುದಕ್ಕೆ ಆ ಮನುಷ್ಯ ಅರ್ಧ ಗಂಟೆ ತೆಗೆದುಕೊಂಡರು. ಚಹಾ ಆರಿ ಕೆನೆ ಕಟ್ಟಿತು. ನನಗೆ ಮಾತ್ರ ಅವರು ಬಂದದ್ದು ಒಳ್ಳೆಯದೇ ಅನ್ನಿಸಿತು. ಸಮಾಧಾನ ಹೇಳದೆ ಏನನ್ನಾದರೂ ಕೇಳಿದವರು ಅವರೊಬ್ಬರೇ.

ಅಂಗಡಿಯ ಕಂಪ್ಯೂಟರ್ ಆನ್ ಮಾಡಿದರೆ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು. ಫ್ಲಾಪಿಗಳ ಡಬ್ಬಿ ತೆಗೆದೆ. ಯಜಮಾನರು ಅವುಗಳ ಮೇಲೆ ಗಿರಾಕಿಯ ಹೆಸರು ಬರೆಯುತ್ತಿರಲಿಲ್ಲ, 'ಗಡಿ ತಕರಾರು', 'ಸೊಸೈಟಿ', 'ಪಿಂಚಣಿ' ಎಂದು ವಿಷಯವನ್ನಷ್ಟೇ ಬರೆಯುತ್ತಿದ್ದರು. 'ಹತ್ತಿ' ಅನ್ನುವುದು ಒಂದೇ ಒಂದು ಇತ್ತು. ಅದರ ಇನ್ನೊಂದು ಪ್ರತಿ ಹುಡುಕಿದರೂ ಸಿಗಲಿಲ್ಲ. ಮೇಷ್ಟ್ರ ಕೈಗೆ ಕೊಟ್ಟು ಕಳಿಸಬಹುದಿತ್ತು. ಯಜಮಾನರು ಒಪ್ಪಿಕೊಂಡ ಕೆಲಸ, ಮುಗಿಯುವುದನ್ನು ಕಣ್ಣಾರೆ ನೋಡಿ ಬರೋಣ ಅಂತ ನಾನೇ ಹೊರಟೆ. ತಿಂಗಳು ತುಂಬದೆ ಹೊಸಿಲು ದಾಟುವುದೇ ಎಂದು ಅಕ್ಕ ಮುಖ ಊದಿಸಿದಳು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರು ದಾವಣಗೆರೆ ಬಸ್ ನಿಲ್ದಾಣದಲ್ಲಿ ಕಾದಿದ್ದರು. ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ಅಂಗಡಿಯ ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಸೀನುತ್ತಲೇ ಮೆಟ್ಟಿಲು ಹತ್ತಿದೆವು. ನಡೆಸುತ್ತಿದ್ದವರು ಬಿಳಿ ಟೋಪಿಯ ಹಿರಿಯ ಸಾಹೇಬರು, ಹಿಂದೆ ನಮ್ಮ ಅಂಗಡಿಯ ಟೈಪ್‌ರೈಟರ್ ರಿಪೇರಿಗೆ ಬರುತ್ತಿದ್ದವರೇ. ನನ್ನನ್ನು ನೋಡಿ ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟರು.

ಅವರ ಕಂಪ್ಯೂಟರ್ ಹೊಸದು, ಬಣ್ಣದ ಪರದೆ. ಫ್ಲಾಪಿ ಹಾಕಿ ತೆರೆದರೆ ಒಂದೊಂದು ಪದದ ಕೊನೆಯ ಅಕ್ಷರವೂ ಏನೇನೋ ಗುರುತಾಗಿ ಕಂಡಿತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಸಾಹೇಬರು ಗಾಬರಿಯಾಗಲಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಟೈಪ್ ಮಾಡಿದ್ದು ಹೊಸದರಲ್ಲಿ ಹೀಗೇ ಕಾಣುತ್ತದೆ, ಸರಿ ಮಾಡುವುದಕ್ಕೆ ತಮ್ಮ ಹತ್ತಿರ ದಾರಿ ಉಂಟು ಎಂದರು. ಸ್ವಲ್ಪ ಹೊತ್ತಿಗೆ ಅಕ್ಷರಗಳು ನೆಟ್ಟಗಾದವು. ಪಟ್ಟಿಗಳು ಸೊಟ್ಟಗಾಗಿದ್ದವು, ಅವನ್ನೂ ಒಂದೊಂದಾಗಿ ಸರಿಪಡಿಸುತ್ತ ಹೋದರು.

ಮೂರನೆಯ ಅಧ್ಯಾಯದಲ್ಲಿ ಎರಡು ಚುಕ್ಕಿಯಿಂದ ಶುರುವಾಗುವ ಸಾಲೊಂದು ಕಾಣಿಸಿತು. ಅಕ್ಷರ ಇಂಗ್ಲಿಷ್, ಮಾತು ಕನ್ನಡ: 'ಪಟ್ಟಿ ಹನ್ನೆರಡು, ಮೇಷ್ಟ್ರನ್ನ ಕೇಳಬೇಕು.' ಇದು ನಾನು ಬರೆದದ್ದಲ್ಲ ಎಂದರು ಮೇಷ್ಟ್ರು. ಸಾಹೇಬರು ವಿವರಿಸಿದರು: ಹಳೆಯ ಪ್ರೋಗ್ರಾಮಿನಲ್ಲಿ ಹಾಗೆ ಎರಡು ಚುಕ್ಕಿ ಇಟ್ಟು ಬರೆದ ಸಾಲು ಕಾಗದದ ಮೇಲೆ ಪ್ರಿಂಟ್ ಆಗುವುದಿಲ್ಲ, ಟೈಪ್ ಮಾಡುವವರು ತಮ್ಮ ನೆನಪಿಗೆ ಏನಾದರೂ ಗುರುತು ಹಾಕಿಕೊಳ್ಳುತ್ತಾರೆ. ಹೊಸ ಕಂಪ್ಯೂಟರಿಗೆ ಅದು ತಿಳಿಯದು, ಎಲ್ಲವನ್ನೂ ತೋರಿಸಿಬಿಡುತ್ತದೆ.

ಮುಂದಿನ ಅಧ್ಯಾಯದಲ್ಲಿ ಇನ್ನೊಂದು: 'ಇವತ್ತು ಇಷ್ಟೇ. ಎದೆ ಹಿಡಿದಂಗೆ ಆಗ್ತೈತೆ.'

ಸಾಹೇಬರ ಕೈ ನಿಂತಿತು. ಮೇಷ್ಟ್ರು ಚಹಾ ಕುಡಿದು ಬರುತ್ತೇನೆ ಎಂದು ಕೆಳಗಿಳಿದು ಹೋದರು. ಮುಂದಕ್ಕೆ ಹೋಗಿ ಎಂದೆ ನಾನು. 'ಎಡಗೈ ಜೋಮು. ಕೂತು ಕೂತು ಇರಬೇಕು.' ಹತ್ತು ಪುಟ ಬಿಟ್ಟು, 'ಡಾಕ್ಟ್ರು ಇಸಿಜಿ ಮಾಡಿಸು ಅಂದ್ರು. ಆಮೇಲೆ ನೋಡೋಣ.' ಇನ್ನೂ ಇದ್ದವು. ಪ್ರಬಂಧದ ಕೊನೆಯ ಪುಟದಲ್ಲಿ, 'ಅವಳ ಪರೀಕ್ಷೆ ಮುಗೀಲಿ, ಹೇಳ್ತೀನಿ.'

ಅವಳು ಅಂದರೆ ನಾನು. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಲೇ ಬಾಹ್ಯ ವಿದ್ಯಾರ್ಥಿಯಾಗಿ ಎಂ.ಎ. ಕಟ್ಟಿದ್ದೆ. ಪರೀಕ್ಷೆಗೆ ಹತ್ತು ದಿನ ಇರುವಾಗ ಅವರು ಹೋದರು. ನಾನು ಪರೀಕ್ಷೆಗೆ ಕೂರಲಿಲ್ಲ.

ನನಗೆ ಸಿಟ್ಟು ಬಂತು. ಇಪ್ಪತ್ತು ದಿನಗಳಲ್ಲಿ ನನಗೆ ಬಂದದ್ದು ಅದೊಂದೇ. ಯಾರು ಕೇಳಿದ್ದರು ಈ ಉಪಕಾರವನ್ನು? ಪರೀಕ್ಷೆ ವರ್ಷ ವರ್ಷವೂ ಬರುತ್ತದೆ. ನನ್ನ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತ ಹೇಳಬಹುದಾಗಿದ್ದ ಮಾತನ್ನು ಈ ಮನುಷ್ಯ ಹತ್ತಿಯ ಧಾರಣೆಗಳ ನಡುವೆ ಬರೆದಿಟ್ಟು, ನನಗೆ ಓದಿಕೋ ಓದಿಕೋ ಎನ್ನುತ್ತ ಓಡಾಡಿಕೊಂಡಿದ್ದರು. ಸಿಟ್ಟೂ ಬಹಳ ಹೊತ್ತು ನಿಲ್ಲಲಿಲ್ಲ. ಕೆಳಗೆ ಯಾರೋ ಮೆಣಸಿನಕಾಯಿ ಚೀಲ ಇಳಿಸುತ್ತಿದ್ದ ಸದ್ದು ಕೇಳುತ್ತ ಕೂತೆ.

"ಅಕ್ಕಾರೆ, ಇವನ್ನ ತೆಗೀದೆ ಪ್ರಿಂಟ್ ಕೊಡಾಕ ಬರಲ್ರಿ," ಎಂದರು ಸಾಹೇಬರು ಮೆಲ್ಲಗೆ. "ನಾನು ತೆಗೀಲಾ?"

ಯಾವ ಕೀಲಿ ಒತ್ತಬೇಕು ಎಂದು ಕೇಳಿದೆ. ತೋರಿಸಿಕೊಟ್ಟರು. ಒಟ್ಟು ಹದಿನಾಲ್ಕು ಸಾಲು ಇದ್ದವು. ಹುಡುಕಿ ಹುಡುಕಿ ಅವರು ನಿಲ್ಲಿಸಿದರು, ನಾನು ಒತ್ತಿದೆ. ಒತ್ತಿದಾಗಲೆಲ್ಲ ಕೆಳಗಿನ ಸಾಲು ಮೇಲೆ ಬಂದು ಆ ಜಾಗ ತುಂಬುತ್ತಿತ್ತು. ಕೊನೆಯದನ್ನೂ ಅಳಿಸಿದ ಮೇಲೆ ಸಾಹೇಬರು ತಡೆದರು.

"ಇದೇ ಫ್ಲಾಪಿ ಮ್ಯಾಲೆ ಸೇವ್ ಮಾಡಿದ್ರೆ ಹಳೇದು ಹೋಗೇಬಿಡ್ತೈತ್ರಿ. ಬೇರೆ ಹೊಸದು ಕೊಡ್ಲಾ?"

"ಬ್ಯಾಡ್ರಿ. ಇದರ ಮ್ಯಾಲೇ ಮಾಡ್ರಿ," ಎಂದೆ.

ಇನ್ನೊಂದು ಸಲ ನನ್ನ ಮುಖ ನೋಡಿ, ಮಾಡಿದರು. ಪ್ರಬಂಧ ಶನಿವಾರಕ್ಕೆ ಮುಂಚೆಯೇ ತಲುಪಿತು, ಮೇಷ್ಟ್ರಿಗೆ ಪದವಿಯೂ ಬಂತು. ಮರುವರ್ಷ ನಾನೂ ಪರೀಕ್ಷೆ ಬರೆದು ಪಾಸಾದೆ. ಫಲಿತಾಂಶ ಬಂದ ವಾರ ಫ್ಲಾಪಿ ಹಿಡಿದುಕೊಂಡು ಮಂಡಿಪೇಟೆಗೆ ಹೋಗಿ ಕೂತೆ. ಅಳಿಸಿದ ಸಾಲುಗಳನ್ನು ವಾಪಸ್ ತರಲು ಸಾಹೇಬರು ಮಧ್ಯಾಹ್ನದವರೆಗೂ ಏನೇನೋ ಮಾಡಿ ನೋಡಿದರು, ಆಮೇಲೆ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅಲ್ಲೇ, ಅವರೆದುರಿಗೇ, ನನಗೆ ಅಳು ಬಂತು.

ಆ ಹದಿನಾಲ್ಕು ಸಾಲುಗಳಲ್ಲಿ ನನಗೆ ನೆನಪಿರುವುದು ಇಲ್ಲಿ ಬರೆದಿರುವ ಐದು. ಉಳಿದ ಒಂಬತ್ತನ್ನೂ ಅವತ್ತು ಓದಿದ್ದೆ.