ಉಸಿರಿಗೆ ಹಿಡಿದ ಬೆಂಕಿ

ಮಲ್ಲಿಗಾ ಗಂಡನನ್ನು ಬೈಯುತ್ತಿದ್ದದ್ದು ಕನ್ನಡದಲ್ಲಿ. ತಿರುಪ್ಪೂರಿನ ಅನುಪ್ಪರ್‌ಪಾಳ್ಯದ ಆ ಲೈನ್ ಮನೆಗಳಲ್ಲಿ ಉಳಿದವರೆಲ್ಲ ತಮಿಳಿನವರು. ಎಷ್ಟು ಬೈದರೂ ಮನೆಯ ಮಾತು ಮನೆಯಲ್ಲೇ ಇರುತ್ತದೆ ಎಂಬ ಧೈರ್ಯ ಅವಳಿಗಿತ್ತು. ಮಹಡಿಯ ಒಂಟಿ ಕೋಣೆಗೆ ಹಿನಾ ಎಂಬ ಹುಡುಗಿ ಬಾಡಿಗೆಗೆ ಬಂದ ಮೇಲೆ ಆ ಧೈರ್ಯ ಹೋಯಿತು.

ಒಂದು ಬೆಳಿಗ್ಗೆ ಮಲ್ಲಿಗಾ ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದಳು. ಗಂಡ ಕುಮರೇಶನ್ ಜಗಲಿಯ ಮೇಲೆ ಕೂತು, ಬೀಡಿ ಹಿಡಿದ ಕೈಯನ್ನು ದೂರ ಚಾಚಿ ಕೆಮ್ಮುತ್ತಿದ್ದ. ಬೇರೆ ಹೊತ್ತಿನಲ್ಲಿ ಗಂಡನನ್ನು ‘ಏನುಂಗ’ ಎಂದು ಮರ್ಯಾದೆಯಿಂದ ಕರೆಯುವ ಮಲ್ಲಿಗಾ ಬೈಯುವಾಗ ಮಾತ್ರ ಏಕವಚನಕ್ಕೆ ಇಳಿಯುತ್ತಿದ್ದಳು.

“ಸೇದು, ಇನ್ನೂ ಸೇದು. ನೆಂಜುಗೂಡು ಒಡೆದು ರಕ್ತ ಬರೋವರ್ಗೂ ಸೇದು. ನಾನ್ ಹೇಳಿದ್ರೆ ಕೇಳ್ತೀಯಾ ನೀನು?”

ಮಹಡಿಯ ಕಟಕಟೆಯಿಂದ ಒಂದು ದನಿ ಬಂತು. “ಅಕ್ಕಾ, ನೀವು ಕನ್ನಡದವರಾ?”

ಮಲ್ಲಿಗಾ ತಲೆಯೆತ್ತಿ ನೋಡಿದಳು. ನಾಚಿಕೆಯಿಂದ ಮುಖ ಬಿಸಿಯಾಯಿತು. “ಆಮಾ ಕಣ್ಣು. ಮನೇಲಿ ಮಾತ್ರ. ಓದಕ್ಕೆಲ್ಲ ಬರಲ್ಲ,” ಅಂದಳು. ಚಿಕ್ಕವರನ್ನು ಅವಳು ತಮಿಳರಂತೆ ಕಣ್ಣು ಎಂದೇ ಮುದ್ದಿನಿಂದ ಕರೆಯುತ್ತಿದ್ದಳು.

ಹಿನಾ ದಾವಣಗೆರೆಯವಳು. ಬನಿಯನ್ ರಫ್ತು ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ಹೊರದೇಶದ ಗಿರಾಕಿಗಳ ಆರ್ಡರು ನೋಡಿಕೊಳ್ಳುವ ಕೆಲಸ. ಮಲ್ಲಿಗಾಳೂ ಬನಿಯನ್ ಕಂಪನಿಗೇ ಹೋಗುತ್ತಿದ್ದಳು, ಆದರೆ ಚೆಕಿಂಗಿಗೆ. ಹೊಲಿದು ಬಂದ ಬಟ್ಟೆಯನ್ನು ದೀಪದ ಕೆಳಗೆ ತಿರುವಿ, ತೂತು, ಎಣ್ಣೆ ಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವ ಕೆಲಸ. ಆ ಬೆಳಗಿನ ನಂತರ ಹಿನಾ ದಿನಾ ಕೆಳಗಿಳಿದು ಬಂದು ಎರಡು ಮಾತಾಡಿ ಹೋಗುವುದು ರೂಢಿಯಾಯಿತು. ಕುಮರೇಶನ್ ಅವಳಿಗೆ ಅಣ್ಣ ಆದ.

ಕುಮರೇಶನ್ ಹುಟ್ಟಿದ್ದು ಸಿರುಮುಗೈಯ, ಮನೆಮಾತು ಕನ್ನಡದ ನೇಕಾರರ ಮನೆಯಲ್ಲಿ. ಅಪ್ಪ ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಮಗನಿಗೆ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಸೇರಲಿಲ್ಲ. ಪಲ್ಲಡದ ಕಡೆಯ ನೂಲಿನ ಮಿಲ್ಲು ಸೇರಿದ. ಬೇರೆ ಮಿಲ್ಲುಗಳು ಬಿಸಾಡಿದ ಕಸದ ಹತ್ತಿಯನ್ನು ಒಡೆದು, ಕೊಡವಿ, ಮತ್ತೆ ನೂಲಾಗಿಸುವ ಮಿಲ್ಲು ಅದು. ಅವನಿದ್ದದ್ದು ಹತ್ತಿ ಒಡೆಯುವ ಕೋಣೆಯಲ್ಲಿ. ಶಿಫ್ಟು ಮುಗಿಸಿ ಹೊರಗೆ ಬಂದರೆ ತಲೆಗೂದಲಿಂದ ಕಣ್ಣ ರೆಪ್ಪೆಯವರೆಗೆ ಬಿಳಿ. ಗಂಟಲಲ್ಲಿ ಅಂಟಿದ ಧೂಳು ಬೀಡಿ ಎಳೆದರೆ ಕಿತ್ತುಬರುತ್ತದೆ ಎಂದು ಅಲ್ಲಿನವರೆಲ್ಲ ನಂಬಿದ್ದರು. ಅದು ಬೀಡಿ ಸೇದುವವರು ಕಟ್ಟಿದ ನೆಪ ಎಂದು ಮಲ್ಲಿಗಾ ಬಹಳ ವರ್ಷ ಅಂದುಕೊಂಡಿದ್ದಳು. ಗಂಡ ಅದನ್ನು ನಿಜವಾಗಿಯೂ ನಂಬಿದ್ದಾನೆ ಎಂದು ತಿಳಿದಾಗ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

ಈಗ ಅವನು ಟೀ ಅಂಗಡಿಗೆ ಹೋಗಬೇಕಾದರೂ ನಡುವೆ ಕರೆಂಟ್ ಕಂಬ ಹಿಡಿದು ನಿಲ್ಲಬೇಕಿತ್ತು. ಮಿಲ್ಲು ಬಿಟ್ಟಾಗಿತ್ತು. ಶ್ವಾಸಕೋಶ ಹಾಳಾಗಿದೆ, ಹಾಳಾದದ್ದು ಮತ್ತೆ ಸರಿಯಾಗುವುದಿಲ್ಲ, ಬೀಡಿ ಬಿಟ್ಟರೆ ಉಳಿದಿರುವುದು ಇನ್ನಷ್ಟು ದಿನ ಬಾಳಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಎಳೆದುಕೊಳ್ಳುವ ಔಷಧಿಯ ಡಬ್ಬಿ ಕೊಟ್ಟಿದ್ದರು. ಔಷಧಿ ಎಳೆದುಕೊಂಡು, ಸ್ವಲ್ಪ ಹಗುರವಾದ ಕೂಡಲೇ ಅವನು ಬೀಡಿ ಹಚ್ಚುತ್ತಿದ್ದ.

ಒಂದು ಭಾನುವಾರ ಹಿನಾ ದುಪಟ್ಟದಲ್ಲಿ ಏನೋ ಸುತ್ತಿಕೊಂಡು ಬಂದಳು. ಬಾಗಿಲು ಮುಂದೆ ಮಾಡಿ ಕೂತಳು.

“ಅಕ್ಕ, ಇದನ್ನ ನಮ್ಮಮ್ಮನಿಗೂ ತೋರಿಸಿಲ್ಲ. ನೀವೂ ಯಾರಿಗೂ ಹೇಳಬೇಡಿ. ಕಾಲೇಜಲ್ಲಿ ನಾನು ಸಿಗರೇಟು ಸೇದ್ತಿದ್ದೆ. ತುಂಬಾ. ಇದರಿಂದಲೇ ಬಿಟ್ಟಿದ್ದು.”

ಮಲ್ಲಿಗಾ ಅವಳ ಮುಖ ನೋಡಿದಳು. ಸೇದಿದವಳ ಗುರುತೇನೂ ಕಾಣಲಿಲ್ಲ. ಬಟ್ಟೆಯೊಳಗಿದ್ದದ್ದು ಮುಷ್ಟಿಯಲ್ಲಿ ಹಿಡಿಸುವಷ್ಟು ದೊಡ್ಡ ಮರದ ತುಂಡು, ನುಣ್ಣಗೆ ಉಜ್ಜಿ ಎಣ್ಣೆ ಹಚ್ಚಿದ್ದು. ಒಂದು ಪಕ್ಕದಿಂದ ಗಾಜಿನ ಸಣ್ಣ ಕೊಳವೆ ಹೊರಚಾಚಿತ್ತು. ನಡುವೆ ಒಣಸೊಪ್ಪು ತುಂಬುವ ಗುಳಿ, ಇನ್ನೊಂದು ತುದಿಯಲ್ಲಿ ಬಾಯಿಟ್ಟು ಎಳೆಯುವ ತೂತು. ವೈರೂ ಇಲ್ಲ, ಬ್ಯಾಟರಿಯೂ ಇಲ್ಲ. ಇದಕ್ಕೆ ವೇಪರೈಸರ್ ಅಂತಾರೆ ಎಂದಳು ಹಿನಾ. ಆ ಹೆಸರು ಬಾಯಿಗೆ ಬಾರದೆ ಗಂಡ ಹೆಂಡತಿ ಇಬ್ಬರೂ ಅದನ್ನು ‘ಮರ’ ಎಂದೇ ಕರೆದರು.

“ಟಾರ್ಚ್ ಬೇಕು ಅಕ್ಕ ಇದಕ್ಕೆ.”

ಮಲ್ಲಿಗಾ ಎದ್ದು ಹೋಗಿ ಬ್ಯಾಟರಿ ಟಾರ್ಚ್ ತಂದುಕೊಟ್ಟಳು. ಹಿನಾ ನಕ್ಕು, ತನ್ನ ಚೀಲದಿಂದ ಗ್ಯಾಸ್ ತುಂಬಿದ ಲೈಟರಿನಂಥ ಒಂದು ವಸ್ತು ತೆಗೆದು ಒತ್ತಿದಳು. ಆಚಾರಿ ಚಿನ್ನ ಬೆಸೆಯುವಾಗ ಬರುವಂಥ ನೀಲಿ ಬೆಂಕಿ ಸುಯ್ಯೆಂದು ಎದ್ದಿತು.

“ಎಲೆ ಸುಡಬಾರದು, ಬಿಸಿಯಾಗಬೇಕು ಅಷ್ಟೇ. ಬೆಂಕಿನ ಗಾಜಿನ ಮುಂದೆ ಹಿಡೀಬೇಕು. ಅಣ್ಣ ಉಸಿರು ಎಳೆದಾಗ ಮಾತ್ರ ಬಿಸಿಗಾಳಿ ಒಳಗೆ ಹೋಗುತ್ತೆ. ತೀರಾ ಹತ್ತಿರ ಹಿಡಿದ್ರೆ ಎಲೆ ಹೊತ್ಕೊಳುತ್ತೆ, ಆಗ ಬೀಡಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ದೂರ ಹಿಡಿದ್ರೆ ಏನೂ ಬರಲ್ಲ.”

ಹಿನಾಳ ಬಳಿ ಇದ್ದದ್ದು ಯಾವುದೋ ಪರದೇಶದ ಒಣಹೂವು. ಅದರ ವಾಸನೆ ಕುಮರೇಶನನಿಗೆ ಹಿಡಿಸಲಿಲ್ಲ. ಮಲ್ಲಿಗಾ ತುಳಸಿಯನ್ನೂ, ಕಂಪನಿ ಹಿಂದಿನ ಬೇಲಿಯಲ್ಲಿ ಬೆಳೆದ ಆಡುಸೋಗೆಯನ್ನೂ ತಂದು ಬನಿಯನ್ ಬಟ್ಟೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿದಳು. ತೀರಾ ಪುಡಿಯಾದರೆ ಗಾಳಿ ಆಡುತ್ತಿರಲಿಲ್ಲ. ಹಸಿ ಉಳಿದರೆ ಬರೀ ನೀರಾವಿ. ಅಂಗೈಯಲ್ಲಿ ತಿಕ್ಕಿದರೆ ಮುರಿಯಬೇಕು, ಹಿಟ್ಟಾಗಬಾರದು. ಅದನ್ನು ಕಲಿಯುವಷ್ಟರಲ್ಲಿ ಬಹಳಷ್ಟು ಸೊಪ್ಪು ಹಾಳಾಯಿತು.

ಕುಮರೇಶನನಿಗೆ ಅದು ಸುಲಭಕ್ಕೆ ಒಗ್ಗಲಿಲ್ಲ. ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಬೆಂಕಿ, ಜೊತೆಗೆ ಉಸಿರನ್ನೂ ನಿಧಾನವಾಗಿ ಎಳೆಯಬೇಕು. ಮೂರೂ ಒಟ್ಟಿಗೆ ಕೂಡಿಬರಲಿಲ್ಲ. ಮೊದಲ ಸಲ ಎಲೆ ಭಗ್ಗೆಂದು ಹೊತ್ತಿ, ಹೊಗೆ ನುಂಗಿ, ಕಣ್ಣುಗುಡ್ಡೆ ಹೊರಬರುವಂತೆ ಕೆಮ್ಮಿದ. ಇನ್ನೊಂದು ಸಲ ಮೀಸೆಯ ತುದಿ ಸುಟ್ಟುಕೊಂಡ. ಮರವನ್ನು ಚಾಪೆಯ ಮೇಲೆ ಎಸೆದು, “ಇದು ನಮ್ಗೆ ಆಗಲ್ಲ ಪುಳ್ಳೆ. ಓದ್ದೋರ ಸಾಮಾನು,” ಅಂದ ಹೆಂಡತಿಗೆ.

ಮಲ್ಲಿಗಾ ಟಾರ್ಚನ್ನು ತಾನೇ ಎತ್ತಿಕೊಂಡಳು. “ನೀವು ಎಳೀರಿ. ಬೆಂಕಿ ನಾನ್ ಹಿಡೀತೀನಿ.”

ಮದುವೆಯಾದಂದಿನಿಂದ ಹೊಗೆಯನ್ನು ಕಂಡರೆ ಆಗದವಳು ಹೀಗೆ ಗಂಡನ ಬಾಯಿಯ ಮುಂದೆ ಬೆಂಕಿ ಹಿಡಿದು ಕೂತಳು. ಅವನು ಉಸಿರು ಎಳೆದಾಗ ನೀಲಿ ಬೆಂಕಿಯ ತುದಿ ಗಾಜಿನ ಕೊಳವೆಯ ಕಡೆಗೆ ಬಾಗುತ್ತಿತ್ತು. ಬಿಟ್ಟಾಗ ನೆಟ್ಟಗಾಗುತ್ತಿತ್ತು. ಬಾಗಿದಾಗ ಒಂದಿಷ್ಟು ಹತ್ತಿರ ತರಬೇಕು, ನೆಟ್ಟಗಾದ ಕೂಡಲೇ ಹಿಂದೆಗೆಯಬೇಕು. ದಿನವೆಲ್ಲ ಬಟ್ಟೆಯಲ್ಲಿ ದೋಷ ಹುಡುಕಿ ದಣಿದ ಕಣ್ಣನ್ನು ಅವಳು ಸಂಜೆ ಆ ಬೆಂಕಿಯ ಮೇಲೆ ನೆಟ್ಟಳು. ಹಿನಾ ಪಕ್ಕದಲ್ಲಿ ಕೂತು, “ಅಣ್ಣ, ಬಿಸಿ ಕಾಫಿ ಹೀರೋ ಥರ ಬೇಡ, ಹೂವಿನ ವಾಸನೆ ನೋಡೋ ಥರ ಎಳೀರಿ,” ಎನ್ನುತ್ತಿದ್ದಳು. “ಮೆದುವಾ, ಮೆದುವಾ,” ಎನ್ನುತ್ತಿದ್ದಳು ಮಲ್ಲಿಗಾ.

ಒಂದು ಸಂಜೆ ಅದು ಕೈಗೂಡಿತು. ಎಲೆ ಕಪ್ಪಾಗಲಿಲ್ಲ, ಕಂದು ಬಣ್ಣಕ್ಕೆ ತಿರುಗಿತು. ಅವನ ಬಾಯಿಂದ ತೆಳ್ಳನೆಯ ಬಿಳಿ ಆವಿ ಹೊರಬಂತು. ಕೆಮ್ಮು ಬರುತ್ತದೆ ಎಂದು ಮೂವರೂ ಕಾದರು. ಬರಲಿಲ್ಲ.

“ತೊಳಸಿ ವಾಸನೆ ಬರ್ತಿದೆ ಪುಳ್ಳೆ,” ಅಂದ ಕುಮರೇಶನ್.

ಅವನು ಯಾವುದಕ್ಕಾದರೂ ವಾಸನೆ ಇದೆ ಎಂದು ಹೇಳಿ ಎಷ್ಟು ವರ್ಷವಾಗಿತ್ತೋ. ಸಾರಿನ ಒಗ್ಗರಣೆ ಹೊತ್ತಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಮಲ್ಲಿಗಾ ಎದ್ದು ಒಲೆಯ ಕಡೆ ತಿರುಗಿ ನಿಂತಳು.

ಆಮೇಲಿನ ಕೆಲವು ವಾರ ಅವನು ಬೀಡಿ ಮುಟ್ಟಲಿಲ್ಲ. ಸಂಜೆ ಅವಳು ಕಂಪನಿ ವ್ಯಾನಿನಿಂದ ಇಳಿಯುವ ಹೊತ್ತಿಗೆ ಸೊಪ್ಪು ತಿಕ್ಕಿ ತಟ್ಟೆಯಲ್ಲಿ ಹಾಕಿಕೊಂಡು ಕಾಯುತ್ತಿದ್ದ. ಎದುರುಬದುರು ಕೂತು, ಇವಳು ಬೆಂಕಿ ಹಿಡಿಯುವುದು, ಅವನು ಎಳೆಯುವುದು. ನಡುನಡುವೆ ಮಿಲ್ಲಿನ ಕಥೆ ಹೇಳುತ್ತಿದ್ದ. ಇಷ್ಟು ಹತ್ತಿರ ಕೂತು ಇಷ್ಟು ಹೊತ್ತು ಅವರು ಮಾತಾಡಿದ್ದೇ ಇರಲಿಲ್ಲ. ಒಂದು ದಿನ ಅವನು ಕಂಬ ಹಿಡಿಯದೆ ಟೀ ಅಂಗಡಿಗೆ ಹೋಗಿಬಂದೆ ಎಂದು ಹೇಳಿದ. ನಿಜವೋ, ಅವಳನ್ನು ಖುಷಿಪಡಿಸಲು ಹೇಳಿದ್ದೋ, ಅವಳು ಕೇಳಲು ಹೋಗಲಿಲ್ಲ.

ಬಾಗಿಲ ಸಂದಿಯಿಂದ ನೀಲಿ ಬೆಂಕಿಯನ್ನು ಕಂಡವರು ಯಾರೋ ಮನೆ ಒಡತಿ ಸೆಲ್ಲಮ್ಮನಿಗೆ ಹೇಳಿದರು. ಸೆಲ್ಲಮ್ಮ ಬಂದು ಹೊಸ್ತಿಲಲ್ಲೇ ನಿಂತು, ತಮಿಳಿನಲ್ಲಿ ಕೇಳಿದಳು.

“ಏನದು, ಗಾಂಜಾ?”

ಮಲ್ಲಿಗಾ ತಟ್ಟೆಯನ್ನೇ ಎತ್ತಿ ಅವಳ ಮೂಗಿನ ಮುಂದೆ ಹಿಡಿದಳು. ಸೆಲ್ಲಮ್ಮ ಮೂಸಿ ನೋಡಿದಳು. ತುಳಸಿ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಮುಖ ಸಡಿಲಲಿಲ್ಲ.

“ಇದನ್ನು ತಂದುಕೊಟ್ಟಿದ್ದು ಮೇಲಿನ ಹುಡುಗಿ ತಾನೆ? ನಾಳೆ ಪೊಲೀಸ್ ಬಂದರೆ ಅವರು ಮೂಸಿ ನೋಡುತ್ತಾರಾ? ಮನೆ ಇರುವುದು ನನ್ನ ಹೆಸರಲ್ಲಿ. ನೀವು ಇಷ್ಟು ವರ್ಷದಿಂದ ಇದ್ದೀರಿ, ನಿಮ್ಮದು ಬಿಡು. ಅವಳು ಯಾರು, ಎಲ್ಲಿಯವಳು ನನಗೆ ಗೊತ್ತಿಲ್ಲ. ಹೊರಡಲಿ.”

ಹೇಳಬೇಕಾದ ಮಾತು ಮಲ್ಲಿಗಾಳ ನಾಲಿಗೆಯವರೆಗೆ ಬಂತು. ಆ ಹುಡುಗಿ ಹೋಗುವುದಾದರೆ ನಾವೂ ಹೋಗುತ್ತೇವೆ ಅನ್ನಬೇಕಿತ್ತು. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಗಂಡನನ್ನು ಕಟ್ಟಿಕೊಂಡು ಎಲ್ಲಿ ಮನೆ ಹುಡುಕುವುದು? ಅವಳು ತಟ್ಟೆ ಕೆಳಗಿಟ್ಟಳು.

ಹಿನಾ ಜಗಳವಾಡಲಿಲ್ಲ. ಲೇಡೀಸ್ ಹಾಸ್ಟೆಲೊಂದರಲ್ಲಿ ಜಾಗ ಹಿಡಿದು, ಆಟೋದಲ್ಲಿ ಸಾಮಾನು ಹಾಕಿಸಿದಳು. ಮಲ್ಲಿಗಾ ಮರವನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ಕೊಡಹೋದಾಗ ಕೈ ಅಡ್ಡ ಹಿಡಿದಳು. “ನಿಮ್ಮತ್ರನೇ ಇರಲಿ ಅಕ್ಕ. ಅಣ್ಣ ಈಗ ತಾನೆ ಕಲ್ತಿದಾರೆ.”

“ನನ್ ಮೇಲೆ ಕೋಪಾನಾ ಕಣ್ಣು?”

“ಇಲ್ಲಕ್ಕ,” ಅಂದಳು ಹಿನಾ. ಆದರೆ ಆಟೋ ಹೊರಟಾಗ ಹಿಂತಿರುಗಿ ನೋಡಲಿಲ್ಲ.

ಆಮೇಲೆ ಅವರು ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಗ್ಯಾಸ್ ಮುಗಿದರೆ ಎಲ್ಲಿ ತುಂಬಿಸಬೇಕೆಂದು ಹಿನಾ ಹೇಳಿಕೊಟ್ಟಿದ್ದಳು. ಕೊಳವೆಗೆ ಅಂಟಿದ ಜಿಡ್ಡನ್ನು ಬಿಸಿನೀರಲ್ಲಿ ತೊಳೆಯುವುದನ್ನೂ ಕಲಿಸಿದ್ದಳು. ಕೆಲಸವೆಲ್ಲ ಮಲ್ಲಿಗಾಳ ಕೈಗೆ ಪಳಗಿತ್ತು. ಅಷ್ಟರಲ್ಲೇ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಬೆಂಕಿ ಮೊದಲಿನಷ್ಟು ಬಾಗುತ್ತಿರಲಿಲ್ಲ. ದಿನ ಕಳೆದಂತೆ ಬಾಗು ಕಡಿಮೆಯಾಗುತ್ತ ಬಂತು. ಗ್ಯಾಸಿನ ದೋಷವಿರಬೇಕೆಂದು ಟಾರ್ಚ್ ಕೊಡವಿದಳು. ಕೊಳವೆ ಕಟ್ಟಿಕೊಂಡಿರಬೇಕೆಂದು ಮತ್ತೆ ತೊಳೆದಳು. ತಾನೇ ಒಮ್ಮೆ ಬಾಯಿಟ್ಟು ಎಳೆದು ನೋಡಿದಳು. ಬೆಂಕಿ ಸರಾಗವಾಗಿ ಒಳಕ್ಕೆ ಬಾಗಿತು.

ಒಂದು ಸಂಜೆ ಅದು ಅಲುಗಲೇ ಇಲ್ಲ.

“ಎಳೀರಿ,” ಅಂದಳು.

ಅವನು ಕಣ್ಣಲ್ಲೇ ಹೂಂ ಅಂದ. ಬೆಂಕಿ ನೆಟ್ಟಗೆ ನಿಂತಿತ್ತು.

“ಎಳೀರಿ ಅಂದ್ನಲ್ಲ. ಸುಮ್ನೆ ಬಾಯಿಟ್ಕೊಂಡು ಕೂತಿದೀರಲ್ಲ.”

ಅವನು ಬಾಯಿ ತೆಗೆದ. “ಎಳೀತಾನೇ ಇದೀನಿ ಮಲ್ಲೀ.”

ಆಗ ಅವಳು ಅವನ ಕುತ್ತಿಗೆ ನೋಡಿದಳು. ನರಗಳು ಹಗ್ಗದಂತೆ ಸೆಟೆದಿದ್ದವು. ಕೊರಳ ಕೆಳಗಿನ ಗುಳಿ ಒಳಕ್ಕೆ ಹೋಗಿತ್ತು. ಇಡೀ ಮೈಯಿಂದ ಎಳೆಯುತ್ತಿದ್ದ, ಆ ಸಣ್ಣ ಬೆಂಕಿ ಅಲುಗುವಷ್ಟು ಗಾಳಿಯೂ ಒಳಗೆ ಹೋಗುತ್ತಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವಳು ಟಾರ್ಚನ್ನು ಹತ್ತಿರ ಒಯ್ದಳು, ಇನ್ನೂ ಹತ್ತಿರ. ಎಲೆ ಹೊತ್ತಿಕೊಂಡಿತು. ಆ ಹೊಗೆಗೆ ಶುರುವಾದ ಕೆಮ್ಮು ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ಅವಳ ಕೂಗಿಗೆ ಮೊದಲು ಓಡಿಬಂದವಳು ಸೆಲ್ಲಮ್ಮ. ಆಟೋ ಕರೆದವಳೂ ಅವಳೇ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು, ಏನು ಸೇದಿದ್ದು ಎಂದು ಕೇಳಿದರು. ಮಲ್ಲಿಗಾ ಮುಚ್ಚಿಡದೆ ಎಲ್ಲ ಹೇಳಿದಳು.

“ಬೀಡಿ ಬಿಡಿಸಿದ್ದು ಒಳ್ಳೆಯದೇ ಅಮ್ಮ. ಆದರೆ ಈ ಶ್ವಾಸಕೋಶಕ್ಕೆ ಆ ಬಿಸಿಗಾಳಿಯೂ ಕೂಡದಾಗಿತ್ತು.”

“ಹಾಗಾದ್ರೆ ನಾನೇ ಮಾಡ್ದೆನಾ ಸಾರ್?”

ಡಾಕ್ಟರು, “ಅದಿಲ್ಲದಿದ್ದರೂ ಇಲ್ಲಿಗೇ ಬರುತ್ತಿತ್ತು,” ಅಂದರು. ಅದು ಸಮಾಧಾನವೋ ಅಲ್ಲವೋ ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಕುಮರೇಶನ್ ಮನೆಗೆ ಬಂದದ್ದು ಆಮ್ಲಜನಕದ ಮಷಿನಿನ ಜೊತೆಗೆ. ಯಾವುದೋ ಟ್ರಸ್ಟಿನವರು ಬಳಸಲು ಕೊಟ್ಟದ್ದು. ಮೂಗಿಗೆ ಟ್ಯೂಬು, ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದು. ಅದಿರುವ ಕೋಣೆಯಲ್ಲಿ ಬೆಂಕಿ ಇರಕೂಡದು ಎಂದು ಮಷಿನ್ ತಂದವನು ಎರಡೆರಡು ಸಲ ಹೇಳಿದ. ಇರುವುದು ಒಂದೇ ಕೋಣೆ. ಒಲೆ ಜಗಲಿಯ ಕೊನೆಗೆ ಹೋಯಿತು. ಚೌಡೇಶ್ವರಿಯ ಪಟದ ಮುಂದಿನ ದೀಪ ಆರಿತು. ಊದುಬತ್ತಿಯೂ ನಿಂತಿತು. ಮಲ್ಲಿಗಾ ಟಾರ್ಚಿನ ಗ್ಯಾಸನ್ನು ಹೊರಗೆ ಬಿಟ್ಟು, ಅದನ್ನೂ ಮರವನ್ನೂ ಅಪ್ಪನನ್ನು ನೋಡಲು ಮೆಟ್ಟುಪಾಳ್ಯದಿಂದ ಬಂದಿದ್ದ ಮಗಳು ಧರಣಿಯ ಕೈಗೆ ಕೊಟ್ಟು ಕಣ್ಣಿಗೆ ಬೀಳದಂತೆ ಎಲ್ಲಾದರೂ ಇಡು ಅಂದಳು. ಅದು ಎಲ್ಲಿ ಹೋಯಿತೆಂದು ಕುಮರೇಶನ್ ಕೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಗೋಡೆ ನೋಡುತ್ತ ಕೂತಿದ್ದ. ಅನ್ನ ಹಾಗೇ ಇತ್ತು. ಮಲ್ಲಿಗಾ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

“ಏನುಂಗ, ಒಂದು ಬೀಡಿ ಬೇಕಾ? ಮಷಿನ್ ನಿಲ್ಸಿ, ಆಚೆ ಬೇವಿನ ಮರದತ್ರ ಕೂರಿಸ್ತೀನಿ. ಒಂದೇ ಒಂದು. ನಾನ್ ಏನೂ ಅನ್ನಲ್ಲ.”

ಅವನು ಅವಳ ಕಡೆ ತಿರುಗಿದ. ಮಾತು ಹೊರಡಲು ಹೊತ್ತು ಹಿಡಿಯಿತು.

“ಎಳೆಯಕ್ಕೆ ಮೂಚ್ಚು ಬೇಡ್ವಾ ಪುಳ್ಳೆ.”

ಉಸಿರಿಗೆ ಅವರ ಮನೆಯಲ್ಲಿ ಮೂಚ್ಚು ಎಂದೇ ಅನ್ನುತ್ತಿದ್ದರು. ಮಲ್ಲಿಗಾ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಅವನು ಬೀಡಿ ಬಿಡಲಿ ಎಂದು ಅವಳು ಹರಕೆ ಹೊರದ ದೇವರಿರಲಿಲ್ಲ.

ಅವಳು ಕೆಲಸ ಬಿಡುವ ಹಾಗಿಲ್ಲ. ಹಗಲಲ್ಲಿ ಸೆಲ್ಲಮ್ಮ ಆಗಾಗ ಇಣುಕಿ ನೋಡುತ್ತಾಳೆ, ಕರೆಂಟ್ ಹೋದರೆ ಮೂಲೆಯಲ್ಲಿರುವ ಆಮ್ಲಜನಕದ ಸಿಲಿಂಡರಿಗೆ ಟ್ಯೂಬು ಬದಲಾಯಿಸಲು ಕಲಿತಿದ್ದಾಳೆ. ಹಿನಾ ಒಮ್ಮೊಮ್ಮೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸುತ್ತಾಳೆ. “ಅಣ್ಣ ಹೇಗಿದಾರೆ ಅಕ್ಕ? ಈಗಲೂ ಅದರಲ್ಲೇ ಎಳೀತಿದಾರಾ?” ಮಲ್ಲಿಗಾ ಪ್ರತಿ ಸಲವೂ, “ಚೆನ್ನಾಗಿದಾರೆ ಕಣ್ಣು. ಬೀಡಿ ಮುಟ್ಟಿಲ್ಲ,” ಎಂದು ಹೇಳಿ ಕಳಿಸುತ್ತಾಳೆ.

ಊಟದ ಬಿಡುವಿನಲ್ಲಿ ಮನೆಗೆ ಫೋನ್ ಮಾಡುತ್ತಾಳೆ. ಕುಮರೇಶನ್ ಎತ್ತುತ್ತಾನೆ, ಮಾತಾಡುವುದಿಲ್ಲ. ಮಾತಾಡಲು ಬೇಕಾದ ಉಸಿರನ್ನು ಅವನು ಈಗ ಖರ್ಚು ಮಾಡುವುದಿಲ್ಲ. ಅವಳೂ ಹೆಚ್ಚು ಕೇಳುವುದಿಲ್ಲ. ಅನ್ನ ತಿಂದಿರಾ ಎಂದು ಒಮ್ಮೆ ಕೇಳಿ, ಮಷಿನಿನ ಗುಂಯ್ ಸದ್ದನ್ನು ಕೇಳುತ್ತ ಗೋಡೆಗೊರಗಿ ನಿಲ್ಲುತ್ತಾಳೆ. ಬೆಲ್ಲು ಹೊಡೆದಾಗ ಫೋನನ್ನು ಊಟದ ಚೀಲಕ್ಕೆ ಹಾಕಿ, ಟೇಬಲ್ಲಿಗೆ ಹಿಂದಿರುಗಿ ಮುಂದಿನ ಬಟ್ಟೆಯ ಕಟ್ಟು ಬಿಚ್ಚುತ್ತಾಳೆ.