ನಿಂತೇ ಬರುತ್ತಿದ್ದ ಕಾಕಾ

ಬಸ್ಸಿನಲ್ಲಿ ನಿಂತಾಗ ಅವರ ಮೊಣಕಾಲುಗಳು ಸದಾ ಕೊಂಚ ಬಾಗಿರುತ್ತಿದ್ದವು. ಬೆನ್ನು ಕಂಬಕ್ಕೆ, ಎರಡೂ ಕೈಯಲ್ಲಿ ಎದೆಗವಚಿದ ಐಸ್ ಪೆಟ್ಟಿಗೆ. ಸೀಟು ಖಾಲಿಯಿದ್ದರೂ ನಮ್ಮ ಔಷಧ ಅಂಗಡಿಯ ಕಾಕಾ ಹುಕ್ಕೇರಿಯಿಂದ ಗೋಕಾಕದವರೆಗೆ ಕೂರುತ್ತಿರಲಿಲ್ಲ.

"ಕುಂತ್ರ ಪೆಟ್ಟ ಔಷಧಕ್ಕ ಬೀಳತೈತಿ ಯವ್ವಾ. ನಿಂತ್ರ ನನ್ನ ಮೊಣಕಾಲಿಗಷ್ಟ."

ಪೆಟ್ಟಿಗೆಯಲ್ಲಿದ್ದದ್ದು ನನ್ನ ಇಂಜೆಕ್ಷನ್. ಸ್ತನ ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆ ಗೋಕಾಕದ ಆಸ್ಪತ್ರೆಯಲ್ಲಿ ಅದನ್ನು ಚುಚ್ಚಿಸಿಕೊಳ್ಳಬೇಕಿತ್ತು. ಕಾಕಾ ಬೆಳಗಾವಿಯಿಂದ ತರಿಸಿ, ತಾವೇ ನನ್ನ ಜೊತೆ ಹೊರಡುತ್ತಿದ್ದರು. ಡಾಕ್ಟರು ವಿವರಿಸಿದ್ದೊಂದೂ ಹೆದರಿದ ನನ್ನ ತಲೆಗೆ ಹೋಗಿರಲಿಲ್ಲ. ಕಾಕಾ ಹೇಳಿದ್ದು ಮಾತ್ರ ತಲೆಗೆ ಹೋಯಿತು.

"ಆ ಕೆಟ್ಟ ಕಣಕ್ಕ 'ಬೆಳಿ, ಬೆಳಿ' ಅನ್ನೂದನ್ನ ಕೇಳೂ ಕಿವಿ ಜಾಸ್ತಿ ಅದಾವ. ಇದು ಅದಕ್ಕಂತನ ತಯಾರ ಮಾಡಿದ ಪ್ರೋಟೀನ್. ಹೋಗಿ ಆ ಕಿವಿ ಮುಚ್ಚಿ ಕುಂದ್ರತೈತಿ. ಆದ್ರ ಭಾಳ ನಾಜೂಕ. ಬಿಸಿ ತಾಗಬಾರ್ದು, ಹೆಪ್ಪಗಟ್ಟಬಾರ್ದು, ಕುಲುಕಬಾರ್ದು."

ಅಂದಿನಿಂದ ರಸ್ತೆಯ ಒಂದೊಂದು ಗುಂಡಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ, ಬಿಸಿಲಿಗೆ ಹೆದರಿ ಕಾಕಾ ಫ್ರೀಜರಿನ ಐಸ್ ಪ್ಯಾಕು ಎರಡು ಹೆಚ್ಚಿಗೆ ತುರುಕಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಬಾಟಲಿ ಎತ್ತಿ ನೋಡಿದರೆ ಒಳಗೆ ಹೆಪ್ಪುಗಟ್ಟಿತ್ತು. ಅವರ ಮುಖ ಬಿಳಿಚಿಕೊಂಡಿತು.

"ತಪ್ಪ ನಂದು. ಇದು ನಡಿಯಂಗಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. "ಕರಗತೈತಿ ಬಿಡ್ರಿ ಕಾಕಾ. ಸಿಸ್ಟರ್ ಇನ್ನೂ ನೋಡಿಲ್ಲ. ತಡ ಆದ್ರ ಒಳಗ ಅದು ಬೆಳದ್ರ ಏನ್ ಮಾಡ್ಲಿ?"

ಮಾತಾಡುತ್ತಿರುವಾಗಲೇ ಅವರ ಅಂಗೈಯಲ್ಲಿ ಔಷಧ ಕರಗಿ ಮೊದಲಿನಂತೆ ತಿಳಿಯಾಯಿತು. ನಾನು ಅತ್ತೆ, ಗೋಗರೆದೆ.

"ನೋಡಾಕ ಛಲೋನ ಕಾಣತೈತಿ. ಒಳಗ ಹೋಗಿ ಕೆಲಸಾ ಮಾಡದ ಸುಮ್ನ ಕುಂತ್ರ ಯಾರಿಗೂ ತಿಳಿಯಂಗಿಲ್ಲ. ನನಗ ಅದರದ ಹೆದರಿಕಿ," ಎಂದರು. ಸಿಸ್ಟರ್ ಕೈಗೆ ಬಾಟಲಿ ಕೊಟ್ಟು, ತಪ್ಪು ಒಪ್ಪಿಕೊಂಡು, ಬೆಳಗಾವಿಯ ಬಸ್ಸು ಹಿಡಿಯಲು ಹೊರಟೇಬಿಟ್ಟರು. ಬೆನ್ನ ಹಿಂದೆಯೇ ನಾನು ಬಾಯಿಗೆ ಬಂದಂತೆ ಬೈದೆ. ಆ ಮಾತುಗಳು ಈಗಲೂ ನನ್ನನ್ನು ಚುಚ್ಚುತ್ತವೆ.

ಮರುದಿನ ಮಧ್ಯಾಹ್ನ ಹೊಸ ಬಾಟಲಿಯೊಂದಿಗೆ ಆಸ್ಪತ್ರೆಗೆ ಬಂದರು. ಬೆಳಗಾವಿಯಿಂದಲೂ ನಿಂತೇ ಬಂದಿದ್ದರು. ಪೆಟ್ಟಿಗೆ ತೆರೆದು, ಬಾಟಲಿಯನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದ ಮೇಲೆಯೇ ಸಿಸ್ಟರ್ ಕೈಗೆ ಕೊಟ್ಟರು. ನನ್ನಷ್ಟೇ ಅವರೂ ಹೆದರಿದ್ದಾರೆಂದು ನನಗೆ ಆಗ ಗೊತ್ತಾಯಿತು.

ಹೋದ ವರ್ಷ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ನಾನು ಬದುಕಿದ್ದೇನೆ. ತಪಾಸಣೆಗೆ ಈಗಲೂ ಅದೇ ಬಸ್ಸು, ಎದೆಯಲ್ಲಿ ಅದೇ ಹೆದರಿಕೆ. ಕಂಡಕ್ಟರು "ಸೀಟ ಖಾಲಿ ಐತಲ್ರಿ, ಕುಂದರ್ರಿ" ಅನ್ನುತ್ತಾನೆ. ಕೈಯಲ್ಲಿ ಪೆಟ್ಟಿಗೆ ಇಲ್ಲ. ಆದರೂ ಗುಂಡಿ ರಸ್ತೆ ಮುಗಿಯುವ ಧುಪದಾಳ ದಾಟುವವರೆಗೆ ನಾನು ಮೊಣಕಾಲು ಬಾಗಿಸಿ ನಿಂತೇ ಇರುತ್ತೇನೆ.