ನೆಗೆಣ್ಣಿಯ ಪಾಲಿನ ಗುಳಿಗೆ

ಹೋದ ವಾರ ಹುಲಿಹೈದರದಲ್ಲಿ ಹೃದಯ ತಪಾಸಣೆಯ ಶಿಬಿರವಿತ್ತು. ಇಸಿಜಿ ತೆಗೆಯುವ ಮೊದಲು ಎದೆಗೆ ಹಚ್ಚುವ ಜೆಲ್ಲಿನ ಟ್ಯೂಬು ತೆರೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, "ಯವ್ವಾ, ಎದಿಮ್ಯಾಲ ಬರ್ಫ ಇಟ್ಟಿಯಲ್ಲ!" ಎಂದು ಕಿರುಚಿ, ಆಮೇಲೆ ತಾನೇ ನಕ್ಕ ಅಜ್ಜಿ ಕಣ್ಣ ಮುಂದೆ ಬಂದಳು. ಅಜ್ಜಿ ಎಂದರೆ ನನ್ನ ಬಳಗದವಳಲ್ಲ. ಕೆಲವು ವರ್ಷಗಳ ಹಿಂದೆ ನಾನು ಒಂದು ಔಷಧ ಸಂಶೋಧನೆಯಲ್ಲಿ ನರ್ಸಾಗಿದ್ದಾಗ ನನ್ನ ಪಾಲಿಗೆ ಬಂದ ರೋಗಿ, ಇದೇ ಊರಿನಾಕೆ.

ಒಮ್ಮೆ ಹೃದಯಾಘಾತವಾಗಿ ಉಳಿದವರಿಗೆ, ದಿನದ ಔಷಧಗಳ ಜೊತೆ ಇನ್ನೊಂದು ಹೊಸ ಗುಳಿಗೆ ಕೊಟ್ಟರೆ ಅನುಕೂಲವಾದೀತೇ ಎಂದು ನೋಡುವ ಸಂಶೋಧನೆ ಅದು. ಅರ್ಧ ಜನರ ಸೀಸೆಯಲ್ಲಿ ಖರೇ ಔಷಧ. ಉಳಿದವರ ಸೀಸೆಯಲ್ಲಿ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದಾಗ ಅಜ್ಜಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತ, "ಇದ್ರ ಇರ್ತೈತಿ, ಇಲ್ದಿದ್ರ ಇಲ್ಲ. ದೇವರಿಗೆ ಕಾಯಿ ಒಡದಂಗ ಆತು ಬಿಡು" ಎಂದಿದ್ದಳು.

ತಿಂಗಳಿಗೊಮ್ಮೆ ಗಂಗಾವತಿಯಿಂದ ಬಸ್ಸು ಹಿಡಿದು ಹೋಗಿ, ಸೀಸೆಯಲ್ಲಿ ಉಳಿದ ಗುಳಿಗೆ ಎಣಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಆಗ ನನ್ನ ಬಾಯಿ ಭಾಳ ಜೋರು. ಗುಳಿಗೆ ತಪ್ಪಿಸಿದವರನ್ನು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದೆ. ಅಜ್ಜಿಯದು ಮಾತ್ರ ಒಂದೂ ಹೆಚ್ಚು ಕಡಿಮೆ ಇರುತ್ತಿರಲಿಲ್ಲ. "ಬಾ ಯವ್ವಾ, ಎಣಸಾಕ ಬಂದ್ಯಾ? ಮೊದಲ ಚಾ ಕುಡಿ. ಗುಳಿಗಿಗೇನು ಕಾಲ ಬಂದಾವು, ಓಡಿಹೋಗಾಕ?" ಎನ್ನುತ್ತಿದ್ದಳು. ಅವಳನ್ನು ನೋಡಿ ಕಲಿಯಿರಿ ಎಂದು ಊರೆಲ್ಲ ಸಾರಿದ್ದೆ... ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಮನೆಯಲ್ಲಿ ಅಜ್ಜಿಯ ನೆಗೆಣ್ಣಿಯೂ ಇದ್ದಳು, ಗಂಡನ ತಮ್ಮನ ಹೆಂಡತಿ. ಮೇವಿನ ಹೊರೆ ಹೊತ್ತರೆ ಎದೆ ಹಿಡಿದಂತಾಗುತ್ತದೆ ಎಂದು ಮೊದಲ ಸಲವೇ ನನ್ನೆದುರು ಹೇಳಿದ್ದಳು. ಅವಳಿಗೆ ಹೃದಯಾಘಾತವಾಗಿರಲಿಲ್ಲ, ನಮ್ಮ ಪಟ್ಟಿಗೆ ಸೇರುವಂತಿರಲಿಲ್ಲ. "ನಿನ್ನ ಹೆಸರ ಇದರಾಗ ಬರೂದಿಲ್ಲಮ್ಮಾ, ದವಾಖಾನಿಗೆ ತೋರಸ್ಕೋ" ಎಂದು ಹೇಳಿ ಎದ್ದು ಬಂದಿದ್ದೆ. ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಒಂದು ಸಲ ಹೇಳದೆ ಕೇಳದೆ ಮುಂಜಾನೆಯೇ ಹೋದೆ. ಅಜ್ಜಿ ಸೀಸೆಯಿಂದ ಒಂದು ಗುಳಿಗೆ ತೆಗೆದು ನೆಗೆಣ್ಣಿಯ ಅಂಗೈಗೆ ಹಾಕುತ್ತಿದ್ದಳು. ನಾನು ಹೌಹಾರಿ ಕೂಗಾಡಿದೆ. ಅಜ್ಜಿ ಒಂದಿಷ್ಟೂ ಅಂಜಲಿಲ್ಲ.

"ಒಂದ ದಿನ ನಂದು, ಒಂದ ದಿನ ಆಕಿದು. ಇಬ್ಬರಿಗೂ ಎದಿಬ್ಯಾನಿ. ಆಕಿ ಮುಂದ ಕುಂತು ನಾ ಒಬ್ಬಾಕೀನ ನುಂಗಿದ್ರ ಮೈಗೆ ಹತ್ತೀತೇನ ಯವ್ವಾ?"

ಹಾಗೆ ಹಂಚಿ ತಿನ್ನುವ ವಸ್ತುವಲ್ಲ ಇದು, ನಿಯಮ ಇದೆ ಎಂದೆ.

"ಹಂಗಾರ ನನ್ನ ಹೆಸರ ಹೊಡದು ಆಕಿ ಹೆಸರ ಬರಕೋ. ಬಸ್ಸಿನಾಗ ಸೀಟ ಬಿಟ್ಟುಕೊಡೂದಿಲ್ಲೇನು? ಹಂಗ."

ಸಿಟ್ಟಿನಲ್ಲಿ ಚಹಾ ಕೂಡ ಕುಡಿಯದೆ ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ನಾಚಿಕೆಯಾಯಿತು. ಕಂಡದ್ದನ್ನೆಲ್ಲ ಬರೆದು ಡಾಕ್ಟರ ಮುಂದೆ ಇಟ್ಟೆ. ಅವರು ಓದಿ, ಬೈಯಲಿಲ್ಲ. "ಆ ಇನ್ನೊಬ್ಬಾಕಿನ್ನ ಯಾರು ನೋಡ್ಯಾರ?" ಎಂದಷ್ಟೇ ಕೇಳಿದರು.

ಮರುದಿನವೇ ನೆಗೆಣ್ಣಿಯನ್ನು ಕರೆಸಿದರು. ಅವಳ ಇಸಿಜಿ ಸರಿ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದಾಗ ರಕ್ತನಾಳ ಕಟ್ಟಿದೆ ಎಂದು ತಿಳಿದು ಸ್ಟೆಂಟ್ ಹಾಕಿದರು. ಅವಳಿಗೆ ಅವಳದೇ ಔಷಧಗಳು ಬಂದವು. ಅಜ್ಜಿಯೂ ತನ್ನ ಗುಳಿಗೆ ತಾನು ದಿನಾಲೂ ನುಂಗತೊಡಗಿದಳು. ನನ್ನ ಗಲ್ಲ ಹಿಡಿದು, "ಬಾಯಿ ಕೆಟ್ಟದು, ಮನಸ ಛಲೋ ಐತಿ ನೋಡು ನಿಂದು" ಎಂದಿದ್ದಳು. ಹಾಗೆ ನನಗೆ ಇನ್ನಾರೂ ಹೇಳಿಲ್ಲ.

ಮರುವರ್ಷ ಕಡಲೆ ಕೀಳುವ ದಿನಗಳಲ್ಲಿ ಅಜ್ಜಿಗೆ ಮತ್ತೆ ಎದೆನೋವು ಬಂತು. ಕನಕಗಿರಿಯ ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟಳು...

ಸಂಶೋಧನೆ ಮುಗಿದ ಮೇಲೆ ಯಾರಿಗೆ ಯಾವ ಗುಳಿಗೆ ಎಂಬ ಗುಟ್ಟು ಬಿಚ್ಚಿದರು. ಅಜ್ಜಿಯದು ಔಷಧವಿಲ್ಲದ್ದು. ಎಷ್ಟು ಸಿಟ್ಟು ಬಂತು! ಯಾರ ಮೇಲೆ ಎಂದರೆ ಹೇಳಲಾರೆ. ಹೊಸ ಗುಳಿಗೆಯಿಂದ ಅಂಥ ಉಪಯೋಗವೇನೂ ಕಾಣಲಿಲ್ಲ ಎಂಬುದೂ ಆಗಲೇ ತಿಳಿಯಿತು. ಆದರೂ ಆ ಮನೆಗೆ ಹೋಗಿ ಹೇಳುವ ಧೈರ್ಯ ನನಗಾಗಲಿಲ್ಲ.

ಹೋದ ವಾರದ ಆ ಶಿಬಿರಕ್ಕೆ ನೆಗೆಣ್ಣಿ ಬಂದಿದ್ದಳು. ತಲೆ ಪೂರಾ ಬೆಳ್ಳಗಾಗಿದೆ. ಇಸಿಜಿ ಮುಗಿದು ಎಲ್ಲರೂ ಹೋದರೂ ಆಕೆ ಏಳಲಿಲ್ಲ. ಸೊಂಟದ ಸಂಚಿಯಿಂದ ಒಂದು ಅರಿವೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಹಳದಿಗಟ್ಟಿದ ಗುಳಿಗೆಗಳು.

"ಅಕ್ಕ ಕೊಟ್ಟಿದ್ದು. ನಾ ಒಂದೂ ನುಂಗಿಲ್ಲ ಯಮ್ಮಾ. ಆಕಿ ಸೀಸೆ ಮುಗದ ಮ್ಯಾಲ ಆಕಿಗೇ ಕೊಡಬೇಕಂತ ಇಟ್ಟಿದ್ದೆ. ಹೇಳಿದ್ರ ಬೈತಾಳಂತ ಸುಮ್ಮನಿದ್ದೆ." ಗಂಟನ್ನು ನನ್ನ ಮುಂದೆ ಹಿಡಿದಳು. "ಇವನ್ನ ಆಕೀನ ನುಂಗಿದ್ದಿದ್ರ ಉಳೀತಿದ್ಲೇನು? ಖರೇ ಹೇಳು."

ಅಯ್ಯೋ ದೇವರೇ, ಇಷ್ಟು ವರ್ಷ ಇದನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ್ದಾಳಲ್ಲ ಅನಿಸಿತು.

"ಇಲ್ಲ ಯಮ್ಮಾ. ಈ ಗುಳಿಗ್ಯಾಗ ಔಷಧನ ಇರಲಿಲ್ಲ. ನುಂಗಿದ್ರೂ ಅಷ್ಟ, ಬಿಟ್ರೂ ಅಷ್ಟ."

"ನನ್ನ ಸಮಾಧಾನಕ್ಕ ಹೇಳಬ್ಯಾಡ."

"ನಮ್ಮವ್ವನ ಆಣಿ."

ಆಕೆ ಕುಳಿತಲ್ಲೇ ಕುಸಿದು, "ಯಕ್ಕಾ" ಎಂದು ಬಾಯಿಬಿಟ್ಟು ಅತ್ತಳು. ಆ ಗುಳಿಗೆಗಳಲ್ಲಿ ಏನೂ ಇರಲಿಲ್ಲವೆಂದು ಹಿಂದೊಮ್ಮೆ ಉರಿದುಬಿದ್ದವಳು ನಾನು. ಈಗ ಅದಕ್ಕೇ ಮನಸಾರೆ ಕೈ ಮುಗಿದೆ.

ಕಣ್ಣೊರೆಸಿಕೊಂಡು ಗಂಟು ಮತ್ತೆ ಕಟ್ಟಿದಳು. "ಔಷಧ ಇಲ್ಲಂದ್ರ ಇಟ್ಕೊಳ್ಳಾಕ ಅಡ್ಡಿ ಇಲ್ಲಲ್ಲ? ಅಕ್ಕನ ಕೈಲೆ ಕೊಟ್ಟಿದ್ದು ಬ್ಯಾರೆ ಏನೂ ಉಳದಿಲ್ಲ."

ಇಟ್ಕೋ ಯಮ್ಮಾ, ಎಂದೆ. ಅಜ್ಜಿ ಇನ್ನಿಲ್ಲ ಎನ್ನುವುದು ನನಗೆ ಖರೇ ಅನಿಸಿದ್ದು ಅವತ್ತೇ.